ಸೆರಗಿಗೆ ಮೂರು ಹೆಸರು

ಶಹಾಪುರದ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಾಲಿನವನ ಗಾಡಿ ಹಾದುಹೋದ ಮೇಲೆ ಓಣಿ ಮತ್ತೆ ಸುಮ್ಮನಾಗಿದೆ. ಮಗ್ಗದ ಶೆಡ್ಡಿನ ಕಬ್ಬಿಣದ ಬಾಗಿಲು ಕೈಯಿಂದ ತೆರೆಯುವಂಥದ್ದಲ್ಲ. ಜನ್ನತ ನದಾಫ ಅದನ್ನು ಭುಜ ಕೊಟ್ಟು ದೂಡಿಕೊಂಡು ಒಳಗೆ ಬರುತ್ತಾರೆ. ಪಾಳಿ ಶುರುವಾದರೆ ಇಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಈಗ ಮಾತ್ರ ಟ್ಯೂಬ್‌ಲೈಟಿನ ಗುಂಯ್ ಸದ್ದು ಕೂಡ ಕಿವಿಗೆ ಬೀಳುತ್ತಿದೆ. ಜನ್ನತ ಚೀಲದಿಂದ ಲ್ಯಾಪ್‌ಟಾಪ್ ತೆಗೆಯುತ್ತಾರೆ. ಅದರ ಮುಚ್ಚಳ ನಿಂತಿರುವುದು ಅಂಟುಪಟ್ಟಿಯ ಬಲದಿಂದ. ಮೊದಲನೆಯ ಮಗ್ಗದ ತಲೆಯ ಮೇಲೆ, ಮಗ್ಗ ನಡೆಸುವ ಪುಟ್ಟ ಕಂಪ್ಯೂಟರಿನ ಡಬ್ಬಿಗೆ ವೈರು ಚುಚ್ಚಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ.

ಇನ್ನು ಹಾಜರಿ ಕರೆಯುವ ಕೆಲಸ. ಪರದೆಯ ಮೇಲೆ ಒಂದು ಹೆಸರು ಬರೆಯುತ್ತಾರೆ, ಡಬ್ಬಿ ಒಂದು ಸಂಖ್ಯೆ ಹೇಳುತ್ತದೆ. ಸೆರಗು? ಮೂವತ್ತಾರು. ಪದರ? ಮೂವತ್ತಾರು. ಒಂದನ್ನು ನಲವತ್ತು ಮಾಡಿ ಇನ್ನೊಂದನ್ನು ಕೇಳುತ್ತಾರೆ. ನಲವತ್ತು. ಜನ್ನತ ತಲೆಯಾಡಿಸಿ ಮುಂದಿನ ಮಗ್ಗಕ್ಕೆ ಸರಿಯುತ್ತಾರೆ.

ದಿನವೂ ಇದೇ ಕೆಲಸ. ಇವತ್ತು ಮಾತ್ರ ಕೈ ಸ್ವಲ್ಪ ನಿಧಾನವಾಗಿದೆ. ಹತ್ತು ಗಂಟೆಗೆ ನೇಕಾರರ ಸಂಘದ ಅಧ್ಯಕ್ಷ ರಾಮಲಿಂಗ ಬರುವವರಿದ್ದಾರೆ. ಡಬ್ಬಿಗಳಿಗೆ ಬೀಗ ಹಾಕುವುದೋ ಬಿಡುವುದೋ ಎಂಬುದು ಇವತ್ತೇ ತೀರ್ಮಾನವಾಗಬೇಕು. ಬೀಗವೆಂದರೆ ಕಬ್ಬಿಣದ ಬೀಗವಲ್ಲ. ಅದು ಬಿದ್ದರೆ ನೇಕಾರರು ತಮ್ಮ ಮಗ್ಗಕ್ಕೆ ತಾವೇ ಏನನ್ನೂ ಬರೆದು ಹೇಳುವಂತಿಲ್ಲ. ಕಚೇರಿ ಕೊಟ್ಟ ವಿನ್ಯಾಸವನ್ನು ಮಗ್ಗ ನೇಯುತ್ತದೆ, ನೇಕಾರರು ಹರಿದ ಎಳೆಗೆ ಗಂಟು ಹಾಕುತ್ತಾ ನಿಲ್ಲುತ್ತಾರೆ. ಆ ಬೀಗ ಹಾಕಬೇಕಾದವರು ಜನ್ನತ. ಹಾಕುವುದಿಲ್ಲವೆಂದು ಹಟ ಹಿಡಿದು ಕೂತವರೂ ಅವರೇ.

ಬಾಗಿಲಲ್ಲಿ ಚಪ್ಪಲಿಯ ಸದ್ದಾಗುತ್ತದೆ. ಪಾಳಿಗೆ ಎಲ್ಲರಿಗಿಂತ ಮೊದಲು ಬರುವವರು ಭರಮವ್ವ. ಈ ಶೆಡ್ಡಿನ ಹಿರಿಯ ನೇಕಾರ್ತಿ.

"ಏನವಾ ಟಿಕಳಿ ಬಾಯಿ, ಇವತ್ತ ಪರೀಕ್ಷಾ ನಿಂದೋ, ಡಬ್ಬೀದೋ?"

"ಇಬ್ಬರದೂ ಆಯಿ. ಆದ್ರ ಪೇಪರ ತಿದ್ದಾಂವಗ ಪಾಠ ಗೊತ್ತಿಲ್ಲ."

"ಹಂಗಾರ ಪಾಸಾಗ್ತಿ ಬಿಡು. ನಮ್ಮ ಸಾಲ್ಯಾಗೂ ಹಂಗ ಇತ್ತು."

ಟಿಕಳಿ ಬಾಯಿ ಎಂಬ ಹೆಸರಿಗೊಂದು ಹಿನ್ನೆಲೆಯಿದೆ. ಡಬ್ಬಿಯೊಳಗೆ ನೇಕಾರರು ಬರೆಯುವ ಭಾಷೆ ಟಿಸಿಎಲ್. ಬಲ್ಲವರು ಅದನ್ನು ಟಿಕಲ್ ಎಂದು ಓದುತ್ತಾರೆ. ಶಹಾಪುರದ ಹೆಂಗಸರ ಬಾಯಲ್ಲಿ ಅದು ಒಂದೇ ವಾರದಲ್ಲಿ ಟಿಕಳಿಯಾಯಿತು. ಟಿಕಳಿ ಎಂದರೆ ಇಲ್ಲಿ ಹಣೆಗೆ ಹಚ್ಚುವ ಬೊಟ್ಟು. ಅದನ್ನು ನೋಡಿಕೊಳ್ಳಲು ಬಂದವರೋ ಪೀರನವಾಡಿಯ ಮುಸ್ಲಿಂ ಹುಡುಗಿ. "ಹಣ್ಯಾಗ ಟಿಕಳಿ ಇಲ್ಲ, ಹೆಸರ ನೋಡಿದ್ರ ಟಿಕಳಿ ಬಾಯಿ" ಎಂದು ಭರಮವ್ವ ಮೊದಲ ದಿನವೇ ನಗೆಯಾಡಿದ್ದರು. ಜನ್ನತ ಆಗ ಕೊಟ್ಟ ಉತ್ತರ ಶೆಡ್ಡಿನಲ್ಲಿ ಈಗಲೂ ಓಡಾಡುತ್ತಿದೆ: "ಡಬ್ಬಿಗೆ ಹಚ್ಚೇನಲ್ಲ ಆಯಿ, ಸಾಕಾಗಂಗಿಲ್ಲೇನು?"

ಡಬ್ಬಿಯೊಳಗೆ ಎರಡು ಭಾಷೆಗಳಿವೆ. ಕೆಳಗಿನದು ಸಿ. ಮೋಟರು ತಿರುಗಿಸುವುದು, ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ ಎಳೆ ಎತ್ತುವುದು, ನೇಯ್ದ ಬಟ್ಟೆಯನ್ನು ಮುಂದಕ್ಕೆ ಎಳೆಯುವುದು ಎಲ್ಲ ಅದರ ಪಾಲಿನ ಕೆಲಸ. ಅದು ಬಿರುಸಿನ ಭಾಷೆ. ತಪ್ಪಿದರೆ ಮಗ್ಗವೇ ನಿಲ್ಲುತ್ತದೆ, ಹಾಗಾಗಿ ನೇಕಾರರು ಅದರ ತಂಟೆಗೆ ಹೋಗುವುದಿಲ್ಲ. ಮೇಲಿನದು ಟಿಕಲ್. ಸೆರಗು ಇಷ್ಟು ಇಂಚು, ಅಂಚು ಇಷ್ಟು ಅಗಲ, ಬುಟ್ಟಾ ಇಷ್ಟು ದೂರಕ್ಕೊಂದು ಎಂದು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಸಾಲು ಬರೆದರೆ ಮುಗಿಯಿತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರೂ ಬರೆಯುತ್ತಾರೆ. ಟಿಕಲ್‌ನಲ್ಲಿ ಇರುವುದು ಹೆಸರು. ಸಿ-ಯಲ್ಲಿ ಇರುವುದು ಜಾಗ, ಅಂದರೆ ಯಂತ್ರದ ನೆನಪಿನಲ್ಲಿ ಸಂಖ್ಯೆ ಇಡುವ ಒಂದು ಗೂಡು. ಹೆಸರಿಗೂ ಗೂಡಿಗೂ ನಂಟು ಹಾಕದಿದ್ದರೆ ಮೇಲೆ ಬರೆದದ್ದು ಕೆಳಗೆ ಮುಟ್ಟುವುದೇ ಇಲ್ಲ. ಆ ನಂಟು ಹಾಕುವುದು, ಹಾಕಿದ್ದು ಬಿಚ್ಚದಂತೆ ಕಾಯುವುದು ಜನ್ನತ ಅವರ ಕೆಲಸ.

ಇದಕ್ಕೆ ಅವರು ಇಟ್ಟುಕೊಂಡಿರುವ ಮಾತು ಕೆಚ್ಚುವುದು. ಒಂದು ಹಾಸು ನೇಯ್ದು ಮುಗಿಯುವ ಹೊತ್ತಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ಒಂದೊಂದು ತುದಿಗೆ ಹೊಸೆದು ಸೇರಿಸಬೇಕು. ಅದೇ ಕೆಚ್ಚುವುದು. ಜನ್ನತ ಅವರ ತಾಯಿ ರಾಜಬೀ ಆಯುಷ್ಯವೆಲ್ಲ ಮಾಡಿದ್ದು ಅದನ್ನೇ. ಶಹಾಪುರದ ಯಾವ ಮಗ್ಗ ಖಾಲಿಯಾದರೂ ಕರೆ ಬರುತ್ತಿತ್ತು. ತಾಯಿ ಮಗ್ಗದ ಹಿಂದೆ ಕೂತು ಎಳೆ ಹೊಸೆಯುವಾಗ ಮಗಳು ಮಗ್ಗದ ಕೆಳಗೆ ಕೂತು ಶಾಲೆಯ ಮಗ್ಗಿ ಬರೆದದ್ದುಂಟು. ರಾಜಬೀ ಈಗ ಮನೆಯಲ್ಲೇ ಇದ್ದಾರೆ. ಬೆರಳ ತುದಿಗಳು ಎಷ್ಟು ನುಣುಪಾಗಿವೆಯೆಂದರೆ ರೇಷನ್ ಅಂಗಡಿಯ ಯಂತ್ರಕ್ಕೆ ಅವರ ಹೆಬ್ಬೆಟ್ಟು ತಿಳಿಯುವುದಿಲ್ಲ.

"ಅಮ್ಮಿ ಎಳಿಗೆ ಎಳಿ ಕೆಚ್ಚತಿದ್ರು, ನಾ ಹೆಸರಿಗೆ ಜಾಗ ಕೆಚ್ಚತೀನಿ," ಎನ್ನುತ್ತಾರೆ ಜನ್ನತ. "ಅಮ್ಮಿದು ಒಂದ ಎಳಿ ತಪ್ಪಿದ್ರ ಅರಿವಿ ಮ್ಯಾಲ ಗೀರ ಬೀಳ್ತಿತ್ತು, ಕಣ್ಣಿಗೆ ಕಾಣ್ತಿತ್ತು. ನಂದು ತಪ್ಪಿದ್ರ ಯಾರಿಗೂ ಕಾಣಂಗಿಲ್ಲ. ಅದ ತ್ರಾಸು."

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅವರು ಕೆಲ ದಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದರು. ಅದೇ ಹೊತ್ತಿಗೆ ಸಂಘದ ಮಗ್ಗಗಳಿಗೆ ಡಬ್ಬಿ ಬಂದವು. ತಂದವರು ಒಂದು ಮಳೆಗಾಲ ಇದ್ದು, ಎರಡು ದಿನ ಪಾಠ ಮಾಡಿ, ಪ್ರೋಗ್ರಾಂ ಇರುವ ಪೆನ್‌ಡ್ರೈವನ್ನು ಸಂಘದ ಕಪಾಟಿನಲ್ಲಿಟ್ಟು ಹೋದರು. ಆಮೇಲೆ ಫೋನು ಎತ್ತಲಿಲ್ಲ. ಒಂದು ಡಬ್ಬಿ ಕೆಟ್ಟು ನಿಂತಾಗ "ಕೆಚ್ಚೋ ರಾಜಬೀ ಮಗಳು ಏನೋ ಕಲ್ತಾಳಂತ" ಎಂದು ಯಾರೋ ಹೇಳಿದರು. ಹಾಗೆ ಬಂದವರು ಇಲ್ಲಿಯೇ ಉಳಿದರು. ಸಂಘದ ಹಾಜರಿಯಲ್ಲಿ ಈಗಲೂ ಅವರು ವಿದ್ಯುತ್ ಸಹಾಯಕಿ. ಅವರು ಮಾಡುವ ಕೆಲಸಕ್ಕೆ ಆ ಹಾಜರಿಯಲ್ಲಿ ಹೆಸರಿಲ್ಲ.

ಶಹಾಪುರದ ಈ ಶೆಡ್ಡು, ಖಾನಾಪುರದ ಇನ್ನೊಂದು ಶೆಡ್ಡು ಸೇರಿ ಮೂವತ್ತಕ್ಕೂ ಹೆಚ್ಚು ಮಗ್ಗ. ಒಂದೊಂದು ಡಬ್ಬಿಯಲ್ಲಿ ಐವತ್ತರ ಹತ್ತಿರ ಹೆಸರು. ವಾರದಲ್ಲಿ ಎರಡು ದಿನ ಖಾನಾಪುರದ ಬಸ್ಸು, ಉಳಿದ ದಿನ ಶಹಾಪುರ. ಚಹಾದ ಹೊತ್ತಿಗೆ ಕೂರಲು ಕುರ್ಚಿಯಿಲ್ಲ, ನೂಲು ಸುತ್ತುವ ಖಾಲಿ ಬೀಮಿನ ಮೇಲೆ ಕೂರುತ್ತಾರೆ. ತಲೆಗೆ ಕಟ್ಟಿದ ಓಡಣಿಯ ಮೇಲೆ ಸಂಜೆಯ ಹೊತ್ತಿಗೆ ನೂಲಿನ ಧೂಳು ಹಿಮದ ಹಾಗೆ ಕೂತಿರುತ್ತದೆ. ಕೆಮ್ಮು ಬಂದು ಹೋಗುತ್ತಿರುತ್ತದೆ. ಅದರ ಬಗ್ಗೆ ಕೇಳಿದರೆ "ಎಲ್ಲಾರಿಗೂ ಐತ್ರಿ" ಎಂದು ಮಾತು ಮುಗಿಸುತ್ತಾರೆ. ಮನೆಗೆ ಹುಡುಗಿ ನೋಡಲು ಬಂದವರು ಏನು ಕೆಲಸವೆಂದು ಕೇಳಿದಾಗ ಜನ್ನತ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಹೆಸರು ಕಟ್ಟುತ್ತೇನೆಂದು. "ಅಂದ್ರ ಅಂಗಡಿ ಬೋರ್ಡ ಬರಿತೀಯೇನು?" ಎಂದು ಹುಡುಗನ ಚಿಕ್ಕಪ್ಪ ಕೇಳಿದ. ಆ ಸಂಬಂಧ ಮುಂದೆ ಹೋಗಲಿಲ್ಲ. ಜನ್ನತ ಅದನ್ನು ಹೇಳಿಕೊಂಡು ಈಗ ನಗುತ್ತಾರೆ.

ಕೆಲಸ ಕಲಿತದ್ದೂ ತಪ್ಪಿನಿಂದಲೇ. ಮೊದಮೊದಲು ಒಂದು ಮಗ್ಗ ಬೆಳಿಗ್ಗೆ ನೆಟ್ಟಗೆ ನೇಯ್ದು ಮಧ್ಯಾಹ್ನಕ್ಕೆ ಹುಚ್ಚು ಹಿಡಿದಂತೆ ಆಡುತ್ತಿತ್ತು. ಅಂಚು ಒಮ್ಮೆ ಅಗಲ, ಒಮ್ಮೆ ಎಳೆಯಷ್ಟು. ವಾರಗಟ್ಟಲೆ ವೈರುಗಳನ್ನೇ ಬೈದದ್ದಾಯಿತು. ಕೊನೆಗೆ ಸಿಕ್ಕ ಕಾರಣ ಸರಳವಾಗಿತ್ತು. ಸಿ-ಯಲ್ಲಿ ಕೆಲವು ಗೂಡುಗಳು ಒಂದು ಕೆಲಸ ಮುಗಿಯುವವರೆಗೆ ಮಾತ್ರ ಇರುತ್ತವೆ, ಆಮೇಲೆ ಅದೇ ಜಾಗ ಬೇರೆ ಯಾವುದಕ್ಕೋ ಹೋಗುತ್ತದೆ. ಜನ್ನತ ಅಂಚಿನ ಹೆಸರನ್ನು ಅಂಥದ್ದೊಂದು ಗೂಡಿಗೆ ಕೆಚ್ಚಿದ್ದರು.

"ಖಾನಾಪುರ ಸಂತ್ಯಾಗ ಬದನಿಕಾಯಿ ಮಾರಾಕ ಕುಂತ ಜಾಗದ ಮ್ಯಾಲ ನಮ್ಮ ಹೆಸರ ಬರದ್ರ ಹೆಂಗ್ರಿ?" ಎನ್ನುತ್ತಾರೆ. "ಸಂಜಿಕ ಎದ್ದ ಹೋದಮ್ಯಾಲ ಅಲ್ಲಿ ಬಳಿಯಾಂವ ಕುಂದರ್ತಾನ, ಮೀನದಾಕಿ ಕುಂದರ್ತಾಳ. ಹೆಸರ ನಮ್ದ, ಮಾಲ ಯಾರದೋ. ಹೆಸರ ಕಟ್ಟೂದಾದ್ರ ಮನಿ ಇದ್ದ ಜಾಗಕ್ಕ ಕಟ್ಟಬೇಕು."

ಇನ್ನೊಮ್ಮೆ ಯಾರೋ ಸೆರಗಿನ ಸಂಖ್ಯೆಯ ಮುಂದೆ ಇಂಚು ಎಂದೂ ಸೇರಿಸಿ ಬರೆದರು. ಸಂಖ್ಯೆಯ ಗೂಡಿಗೆ ಅಕ್ಷರ ಹಿಡಿಸುವುದಿಲ್ಲ, ಡಬ್ಬಿ ಇಂಗ್ಲಿಷಿನಲ್ಲಿ ಒಂದು ಸಾಲು ಬೈದು ಹಳೆಯ ಸಂಖ್ಯೆಯನ್ನೇ ಇಟ್ಟುಕೊಂಡಿತು. ಬೈಗುಳ ಯಾರಿಗೂ ತಿಳಿಯಲಿಲ್ಲ. ಜನ್ನತ ಆ ಸಾಲನ್ನು ತೆಗೆದು "ಬರೇ ಅಂಕಿ ಬರೀರಿ" ಎಂದು ಕನ್ನಡದಲ್ಲಿ ಹಾಕಿದರು. ಚಿಕ್ಕ ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿಸುವುದಕ್ಕೆ ಒಂದೊಂದು ಚುಕ್ಕೆಯನ್ನೂ ಕೈಯಿಂದಲೇ ಜೋಡಿಸಬೇಕಾಯಿತು. ಭರಮವ್ವ ಅದನ್ನು ಓದಿ "ಈಗ ನೋಡು, ಮನಿಯವರಂಗ ಬೈತದ" ಎಂದರು.

ಇಷ್ಟೆಲ್ಲ ಸರಿಹೋಗಿ, ಇನ್ನು ತೊಂದರೆಯಿಲ್ಲ ಎನ್ನುವಾಗ ಬಂದದ್ದು ಪಾರಿಶ್ವಾಡದ ಸೀರೆಗಳ ಪ್ರಸಂಗ.

ಪಾರಿಶ್ವಾಡದ ಮಹಿಳೆಯರ ಭಜನಾ ಮಂಡಳಿಯೊಂದು ಹಬ್ಬಕ್ಕೆಂದು ಒಂದೇ ಬಣ್ಣದ ಸೀರೆಗಳನ್ನು ಕೇಳಿತ್ತು. ತಲೆಯ ಮೇಲೆ ಹೊದ್ದುಕೊಳ್ಳುವಷ್ಟು ಉದ್ದನೆಯ ಸೆರಗು ಬೇಕೆಂಬುದು ಅವರ ಒಂದೇ ಬೇಡಿಕೆ. ಕೆಲಸ ಖಾನಾಪುರದ ಶೆಡ್ಡಿಗೆ ಹೋಯಿತು. ಅಲ್ಲಿಯ ನೇಕಾರ್ತಿ ಪ್ರಮಿಳಾ ಗುರವ. ಚುರುಕಿನ ಹೆಂಗಸು, ಟಿಕಲ್ ಬರೆಯುವುದರಲ್ಲಿ ಶಹಾಪುರದವರಿಗಿಂತ ಒಂದು ಕೈ ಮೇಲು. ಮನೆಯಲ್ಲಿ ಮರಾಠಿ, ಶೆಡ್ಡಿನಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ. ಅವರು ನಾಲ್ಕು ಸಾಲು ಬರೆದರು. ಅದರಲ್ಲೊಂದು ಸಾಲು, ಪದರ ಮೂವತ್ತಾರು. ಖಾನಾಪುರದ ಮನೆಗಳಲ್ಲಿ ಸೆರಗಿಗೆ ಪದರ ಎನ್ನುತ್ತಾರೆ. ಶಹಾಪುರದಲ್ಲೂ ಆ ಮಾತು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಡಬ್ಬಿಗೆ ಮಾತ್ರ. ಸಿ-ಯ ಗೂಡಿಗೆ ಕೆಚ್ಚಿದ್ದ ಹೆಸರು ಸೆರಗು.

ಟಿಕಲ್‌ಗೆ ಒಂದು ಗುಣವಿದೆ. ಬರೆದ ಹೆಸರು ಗೊತ್ತಿಲ್ಲದಿದ್ದರೆ ಅದು ತಕರಾರು ತೆಗೆಯುವುದಿಲ್ಲ. ಆ ಹೆಸರಿನದೊಂದನ್ನು ಅಲ್ಲೇ ಹುಟ್ಟಿಸಿ, ಅದರ ಕೈಗೆ ಸಂಖ್ಯೆ ಕೊಟ್ಟು ಕೂರಿಸುತ್ತದೆ. ಹಾಗೆ ಪದರ ಎಂಬುದು ಹುಟ್ಟಿತು, ಮೂವತ್ತಾರನ್ನು ಹಿಡಿದುಕೊಂಡು ಮೂಲೆಯಲ್ಲಿ ಕೂತಿತು. ಕೆಳಗೆ ಸಿ ತನ್ನ ಗೂಡು ನೋಡಿತು. ಆ ಮಗ್ಗದಲ್ಲಿ ಹಿಂದಿನ ವಾರ ನೇಯ್ದದ್ದು ಸಾದಾ ಬಟ್ಟೆ, ಹಾಗಾಗಿ ಸೆರಗಿನ ಗೂಡಿನಲ್ಲಿ ಸೊನ್ನೆ ಇತ್ತು. ಸೊನ್ನೆ ಸೆರಗಿನ ಸೀರೆ ನೇಯಲು ಮಗ್ಗಕ್ಕೇನು ಕಷ್ಟ? ನೇಯ್ದಿತು. ಪಾಳಿಯ ಕೊನೆಗೆ ಸಾಲು ಬರೆದಿಟ್ಟಿದ್ದ ಪ್ರಮಿಳಾ ಮನೆಗೆ ಹೋಗಿಯಾಗಿತ್ತು. ಮುಂದಿನ ಪಾಳಿಯವರು ಇದೇ ಹೊಸ ನಮೂನೆ ಇರಬೇಕೆಂದುಕೊಂಡರು. ಬಿಚ್ಚಿ ನೋಡಿದಾಗ ಇಡೀ ರೋಲಿನಲ್ಲಿ ಒಡಲಿತ್ತು, ಅಂಚಿತ್ತು, ಸೆರಗೊಂದು ಇರಲಿಲ್ಲ.

ಸುದ್ದಿ ಶಹಾಪುರಕ್ಕೆ ಬರಲು ತಡವಾಗಲಿಲ್ಲ. "ಸೆರಗಿಲ್ಲದ ಸೀರಿ ಉಟ್ಟು ಭಜನಿಗೆ ನಿಂತ್ರ ದೇವ್ರ ಕಣ್ಣ ಮುಚ್ಕೋಬೇಕಾಗ್ತದ" ಎಂದು ಭರಮವ್ವ ನಕ್ಕರು. ಸಂಘದ ಸಭೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ಬಟ್ಟೆ ಕಿಟಕಿಯ ಪರದೆಗೆಂದು ಹೋಯಿತು. ಮಂಡಳಿಯ ಹೆಂಗಸರು ಹಬ್ಬಕ್ಕೆ ಹಳೆಯ ಸೀರೆಯನ್ನೇ ಉಟ್ಟರು. ಪ್ರಮಿಳಾ ಅವರನ್ನು ಮಗ್ಗದಿಂದ ಎಬ್ಬಿಸಿ ಕಂಡಿಕೆಗೆ ನೂಲು ಸುತ್ತಲು ಕೂರಿಸಲಾಯಿತು.

"ಡಬ್ಬಿ ಒಮ್ಮೆರ ನಾಹೀ ಅಂದಿದ್ರ ನಾ ವಿಚಾರ ಮಾಡ್ತಿದ್ದೆ," ಎನ್ನುತ್ತಾರೆ ಪ್ರಮಿಳಾ. "ಸುಮ್ಮ ತಗೊಂತು. ನಮ್ಮ ಮನಿಯವ್ರಂಗ. ಹೂಂ ಅಂತಾರ, ಕೇಳಿರಂಗಿಲ್ಲ."

ಸಭೆಯಲ್ಲಿ ರಾಮಲಿಂಗ ಹೇಳಿದ್ದು ನೇರವಾಗಿತ್ತು. "ಕಂಡಕಂಡವ್ರ ಕೈಗೆ ಕೊಟ್ರ ಹಿಂಗ ಆಗೂದು. ಡಬ್ಬಿಗೆ ಬೀಗ ಜಡೀವಾ ತಂಗಿ. ಬರಿಯೂದು ಗಿರಿಯೂದು ಬಂದ್."

ಅವರು ಕೆಟ್ಟವರಲ್ಲ. ತಾವೂ ನೇಯ್ದವರೇ. ಸೀರೆ ಕೇಳಿದವರಿಗೆ ಉತ್ತರ ಕೊಡಬೇಕಾದವರೂ ಅವರೇ. ಜನ್ನತ ಎದ್ದು ನಿಂತರು. ಸಭೆಯಲ್ಲಿ ಅವರು ಮಾತಾಡಿದ್ದು ಅದೇ ಮೊದಲು.

"ಬೀಗ ಹಾಕೂದು ಸಸಾರ ಐತ್ರಿ ಕಾಕಾ. ಸಿ ಒಳಗ ಒಂದ ಶಬ್ದ ಕೂಡಿಸಿದ್ರ ಆತು. ಹೆಸರ ಓದಾಕ ಬರ್ತದ, ಬದಲ ಮಾಡಾಕ ಬರಂಗಿಲ್ಲ. ಆದ್ರ ಭರಮವ್ವ ಆಯಿ ಹಾಕಿದ್ದ ಎರಡ ಬಣ್ಣದ ಗಂಗಾಜಮನಿ ಅಂಚು ಇತ್ತಲ್ರಿ, ಹೋದ ದೀಪಾವಳ್ಯಾಗ ಊರೆಲ್ಲಾ ಕೇಳಿದ್ದು? ಅದನ್ನ ಕಚೇರಿಯಿಂದ ಯಾರೂ ಕೊಟ್ಟಿದ್ದಿಲ್ಲ. ಆಯಿ ಕುಂತು ಅಂಕಿ ತಿರುವಿ ತಿರುವಿ ಮಾಡಿದ್ದು. ಬೀಗ ಬಿದ್ಮ್ಯಾಲ ಅಂಥಾದು ಎಲ್ಲಿಂದ ತರ್ತೀರಿ?"

"ಮತ್ತ ಸೆರಗ ಹೋದ್ರ?"

"ಹೋಗಲಾರದಂಗ ಮಾಡ್ತೀನ್ರಿ."

"ಯಾವಾಗ?"

ರಾಮಲಿಂಗ ಕೊಟ್ಟ ಗಡುವು ಇವತ್ತು ಹತ್ತು ಗಂಟೆ.

ಜನ್ನತ ಮಾಡಿದ್ದು ಎರಡು ಕೆಲಸ. ಮೊದಲನೆಯದು, ಸೆರಗಿನ ಗೂಡಿಗೆ ಪದರ ಎಂಬ ಹೆಸರನ್ನೂ ಕೆಚ್ಚಿದರು. ಎರಡು ಹೆಸರು, ಜಾಗ ಒಂದೇ. ಯಾವುದನ್ನು ತಿದ್ದಿದರೂ ಇನ್ನೊಂದು ತಾನಾಗಿ ತಿದ್ದಿಕೊಳ್ಳುತ್ತದೆ. ಇದು ಒಂದು ಮಧ್ಯಾಹ್ನದ ಕೆಲಸವಾಯಿತು. ಎರಡನೆಯದಕ್ಕೆ ಸಮಯ ಹಿಡಿಯಿತು. ಅಲ್ಲಲ್ಲಿ ಬಿಡಿಯಾಗಿದ್ದ ಹೆಸರುಗಳನ್ನೆಲ್ಲ ಮಗ್ಗ ಎಂಬ ಒಂದೇ ಮನೆಯೊಳಗೆ ತಂದು ಕೂರಿಸಿದರು. ಆ ಮನೆಯ ಬಾಗಿಲಿಗೆ ಸಿ-ಯ ಕಡೆಯಿಂದ ಒಂದು ಕಾವಲು ಇಟ್ಟರು. ಯಾರು ಯಾವ ಹೆಸರಿಗೆ ಸಂಖ್ಯೆ ಕೊಟ್ಟರೂ ಕಾವಲಿಗೆ ತಿಳಿಯುತ್ತದೆ. ಗೂಡಿಲ್ಲದ ಹೆಸರಾದರೆ ಅದನ್ನು ಅಲ್ಲೇ ತಡೆದು, ಪರದೆಯ ಮೇಲೆ ಬರೆದು, ಮಗ್ಗ ಏಳದಂತೆ ಹಿಡಿಯುತ್ತದೆ. ಹಳೆಯ ಸಾಲುಗಳನ್ನೆಲ್ಲ ಹೊಸ ಮನೆಗೆ ತಕ್ಕಂತೆ ತಿದ್ದಬೇಕಾಯಿತು. ರಾತ್ರಿ ಮನೆಯಲ್ಲಿ ಅದನ್ನು ಮಾಡುವಾಗ ರಾಜಬೀ ಪಕ್ಕದಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಾ ಪರದೆಯನ್ನು ನೋಡುತ್ತಿದ್ದರು. ಅವರಿಗೆ ಅದೆಲ್ಲ ಇರುವೆಗಳ ಸಾಲು. "ಒಂದ ಬಿಟ್ಟ ಹೋಗೈತಿ ನೋಡು" ಎಂದು ನಡುನಡುವೆ ಸುಮ್ಮನೆ ಹೇಳುತ್ತಿದ್ದರು. ಎರಡು ಸಲ ಖರೇನೇ ಬಿಟ್ಟುಹೋಗಿತ್ತಂತೆ.

ಹತ್ತಕ್ಕೆ ಸರಿಯಾಗಿ ರಾಮಲಿಂಗ ಬರುತ್ತಾರೆ. ಹಿಂದೆಯೇ ಖಾನಾಪುರದ ಬಸ್ಸಿನಿಂದ ಇಳಿದ ಪ್ರಮಿಳಾ. ಜನ್ನತ ಅವರೇ ಬರಹೇಳಿದ್ದಾರೆ. ಪಾಳಿಯ ಮಗ್ಗಗಳನ್ನು ಅಷ್ಟು ಹೊತ್ತು ನಿಲ್ಲಿಸಲಾಗಿದೆ. ಭರಮವ್ವ ಕೆಲಸ ಬಿಟ್ಟು ಮೊದಲನೆಯ ಮಗ್ಗದ ಬಾಜು ಬಂದು ನಿಂತಿದ್ದಾರೆ.

"ನೋಡು ತಂಗಿ, ಇದರಾಗಿಂದು ನನಗ ತಿಳ್ಯಾಂಗಿಲ್ಲ," ಎನ್ನುತ್ತಾರೆ ರಾಮಲಿಂಗ. "ಸೀರಿಗಿ ಸೆರಗ ಬರ್ತದೋ ಇಲ್ಲೋ, ಅಷ್ಟ ತೋರ್ಸು."

ಪ್ರಮಿಳಾ ಕೀಲಿಮಣೆಯ ಮುಂದೆ ಕೂರುತ್ತಾರೆ. ಕೈ ಸೀರೆಗೆ ಒರೆಸಿಕೊಳ್ಳುತ್ತಾರೆ. ಆವತ್ತು ಬರೆದ ಹೆಸರನ್ನೇ ಬರೆಯುತ್ತಾರೆ, ಪದರ. ಮಗ್ಗ ಏಳುತ್ತದೆ. ಶೆಡ್ಡು ನಡುಗುತ್ತದೆ. ಎಲ್ಲರೂ ಬಟ್ಟೆಯನ್ನೇ ನೋಡುತ್ತಾರೆ. ಮೊದಲು ಜರಿಯ ಒಂದು ಪಟ್ಟಿ, ಆಮೇಲೆ ಕೆಂಪು, ಮತ್ತೆ ಜರಿ. ಸೆರಗು ಅಂಗುಲ ಅಂಗುಲವಾಗಿ ಮುಂದಕ್ಕೆ ಬರುತ್ತದೆ. ಪ್ರಮಿಳಾ ಎದ್ದು ನಿಂತು ಎರಡೂ ಕೈ ಸೊಂಟಕ್ಕಿಡುತ್ತಾರೆ.

ಮಗ್ಗ ನಿಲ್ಲಿಸಿದ ಮೇಲೂ ರಾಮಲಿಂಗ ಒಪ್ಪುವುದಿಲ್ಲ. "ಇಕಿ ಕಲ್ತ ಬಂದಾಳ. ಏನೂ ಗೊತ್ತಿಲ್ಲದಾಂವ ಏನರ ಬರದ್ರ?"

"ಹಂಗಾರ ನೀವ ಬರೀರಿ ಕಾಕಾ."

"ನಾನು?"

"ಹೆದರಬ್ಯಾಡ್ರಿ, ಕಡ್ಯಾಂಗಿಲ್ಲ ಅದು," ಎನ್ನುತ್ತಾರೆ ಭರಮವ್ವ.

ರಾಮಲಿಂಗ ಕೂರುತ್ತಾರೆ. ಕನ್ನಡಕ ಮೇಲೇರಿಸಿ, ಒಂದೇ ಬೆರಳಿನಿಂದ ಇಂಗ್ಲಿಷ್ ಅಕ್ಷರಗಳನ್ನು ಹುಡುಕಿ ಹುಡುಕಿ ಒತ್ತುತ್ತಾರೆ. ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆಯುತ್ತಾರೆ, ಸೆ, ರ, ಗ. ಸಂಖ್ಯೆ ಕೊಟ್ಟು ಗುಂಡಿ ಒತ್ತುತ್ತಾರೆ. ಮಗ್ಗ ಅಲುಗುವುದಿಲ್ಲ. ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ: ಈ ಹೆಸರು ಗೊತ್ತಿಲ್ಲ, ತಿದ್ದಿ ಬರೀರಿ.

"ಏನ ಗೊತ್ತಿಲ್ಲ ಇದಕ್ಕ?"

"ಸೆರಗ್ರಿ."

"ಸೆರಗ ಗೊತ್ತಿಲ್ಲ?" ರಾಮಲಿಂಗ ಅವರ ದನಿ ಏರುತ್ತದೆ. "ನಮ್ಮ ಮುತ್ತ್ಯಾನ ಕಾಲದಿಂದ ಶಹಾಪುರದಾಗ ಸೆರಗ ನೇಯಾಕತ್ತೇವಿ. ನಿನ್ನೆ ಬಂದ ಡಬ್ಬಿ, ಸೆರಗ ಗೊತ್ತಿಲ್ಲಂತ ನನ್ನ ಮುಂದ!"

ಜನ್ನತ ತಗ್ಗಿದ ದನಿಯಲ್ಲಿ ಹೇಳುತ್ತಾರೆ. "ಡಬ್ಬ್ಯಾಗ ಸೆರಗು ಅಂತ ಐತ್ರಿ ಕಾಕಾ. ಕಡೀಕ ಯು ಅಕ್ಷರ ಬರಬೇಕು. ನೀವು ಬಿಟ್ಟೀರಿ."

"ಸೆರಗು ಅಂತ ಯಾರ ಅಂತಾರ ಮನ್ಯಾಗ? ನೀ ಅಂತೀಯೇನು ಭರಮವ್ವ?"

"ನಾ ಯಾಕ ಅನ್ಲಿ? ಅದು ಪುಸ್ತಕದಾಗಿಂದು."

ಪ್ರಮಿಳಾ ಬಟ್ಟೆಯ ಕಡೆ ಮುಖ ತಿರುಗಿಸಿದ್ದಾರೆ. ನಗೆಗೆ ಭುಜ ಕುಲುಕುತ್ತಿರುವುದು ಮಾತ್ರ ಕಾಣುತ್ತದೆ. ರಾಮಲಿಂಗ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಪರದೆಯ ಸಾಲನ್ನು ಇನ್ನೊಮ್ಮೆ ಓದುತ್ತಾರೆ.

"ಇದು ಮೊದಲಿನ ಡಬ್ಬಿ ಆಗಿದ್ರ ಏನ ಮಾಡ್ತಿತ್ತು?"

"ಹೂಂ ಅಂತಿತ್ರಿ."

"ಮಗ್ಗ ನಡೀತಿತ್ತು?"

"ನಡೀತಿತ್ರಿ."

"ಸೆರಗ?"

ಜನ್ನತ ಪ್ರಮಿಳಾ ಕಡೆ ಕೈ ತೋರಿಸುತ್ತಾರೆ. ರಾಮಲಿಂಗ ಪ್ರಮಿಳಾ ಕಡೆ ನೋಡುತ್ತಾರೆ, ಪರದೆಯ ಕಡೆ ನೋಡುತ್ತಾರೆ. ಭರಮವ್ವ ಚಹಾದ ಕಪ್ಪನ್ನು ಅವರ ಕೈಗಿಡುತ್ತಾರೆ. ಒಂದು ಗುಟುಕು ಕುಡಿದು ಕಪ್ಪು ಕೆಳಗಿಡುತ್ತಾರೆ.

"ನಂದೂ ಕೆಚ್ಚು ಇದರಾಗ," ಎನ್ನುತ್ತಾರೆ.

"ಏನ್ರಿ ಕಾಕಾ?"

"ನಾ ಅಂದ ಹೆಸರ. ಸೆರಗ. ಅಕಿದು ಹಾಕೀಯಲ್ಲ, ನಂದ್ಯಾಕ ಬಿಟ್ಟಿ?"

"ಮತ್ತ ಬೀಗ?" ಭರಮವ್ವ ಬಿಡುವುದಿಲ್ಲ.

"ಬೀಗ ಹಾಕಿದ್ರ ನನಗರ ತಗ್ಯಾಕ ಬರ್ತದೇನು? ಇರ್ಲಿ ಬಿಡು." ಎದ್ದು ಅಂಗಿ ಜಾಡಿಸಿಕೊಳ್ಳುತ್ತಾರೆ. "ಆದ್ರ ಒಂದ ಮಾತು. ಯಾರ ಏನ ಬರದ್ರೂ ಮೊದಲನೇ ಸೀರಿ ಮಗ್ಗದ ಮ್ಯಾಲ ಇದ್ದಾಗ ಕಣ್ಣಿಲೆ ನೋಡಬೇಕು. ಡಬ್ಬಿ ಮ್ಯಾಲ ಹಾಕಿ ಮನಿಗೆ ಹೋಗೂದಲ್ಲ. ಪ್ರಮಿಳಾ, ನಾಳೆ ಕಂಡಿಕಿ ಬ್ಯಾರೆಯವ್ರ ಸುತ್ತಲಿ. ನೀ ಮಗ್ಗಕ್ಕ ಹೋಗು. ಪಾರಿಶ್ವಾಡದ್ದು ಮತ್ತೊಮ್ಮೆ ಹಾಕು. ಸೆರಗ ಹಾಕು."

"ಪದರ ಹಾಕ್ತೀನ್ರಿ," ಎನ್ನುತ್ತಾರೆ ಪ್ರಮಿಳಾ.

ಅಧ್ಯಕ್ಷರು ಓಣಿಯ ತಿರುವು ದಾಟಿದ ಮೇಲೆ ಶೆಡ್ಡಿನಲ್ಲಿ ಎದ್ದ ನಗೆಯ ಮುಂದೆ ಮಗ್ಗದ ಸದ್ದೂ ಕಡಿಮೆಯೇ. ಜನ್ನತ ಮಾತ್ರ ಮತ್ತೆ ನೆಲಕ್ಕೆ ಕೂತಿದ್ದಾರೆ. ಸಿ-ಯ ಸಾಲುಗಳ ನಡುವೆ ಸೆರಗಿನ ಗೂಡಿಗೆ ಮೂರನೆಯ ಹೆಸರನ್ನು ಕೆಚ್ಚುತ್ತಿದ್ದಾರೆ. ಇದು ಇಲ್ಲಿಗೆ ಮುಗಿಯುವುದಿಲ್ಲವೆಂದು ಅವರಿಗೆ ಗೊತ್ತು. ಅಂಚಿಗೆ ಶಹಾಪುರದಲ್ಲಿ ದಡಿ ಎನ್ನುವವರಿದ್ದಾರೆ, ಖಾನಾಪುರದಲ್ಲಿ ಕಾಠ. ಅದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಒಂದು ಥರ ಬರೆದರೆ ಇನ್ನೊಬ್ಬರು ಇನ್ನೊಂದು ಥರ. ಮುಂದಿನ ವಾರ ಎರಡೂ ಶೆಡ್ಡಿನಲ್ಲಿ ಒಬ್ಬೊಬ್ಬರ ಬಾಜು ಕೂತು, ಮನೆಯಲ್ಲಿ ಯಾವುದಕ್ಕೆ ಏನೆನ್ನುತ್ತಾರೆಂದು ಕೇಳಬೇಕೆಂಬ ಲೆಕ್ಕ ಹಾಕಿದ್ದಾರೆ. ಅದಕ್ಕೂ ಹಾಜರಿಯಲ್ಲಿ ಹೆಸರಿಲ್ಲ.

ಕೆಲಸಕ್ಕೆ ತಕ್ಕ ಹುದ್ದೆ ಕೇಳಬಾರದೇ ಎಂದರೆ "ಕೊಟ್ರ ಬ್ಯಾಡನ್ನಂಗಿಲ್ಲ" ಎಂದು ನಗುತ್ತಾರೆ. ಮತ್ತೇನಾದರೂ ಆಸೆ? ಜನ್ನತ ಬೆರಳು ನಿಲ್ಲಿಸಿ ತಲೆ ಎತ್ತುತ್ತಾರೆ. ಮೊದಲನೆಯ ಮಗ್ಗದಲ್ಲಿ ಪ್ರಮಿಳಾ ನೇಯಿಸಿದ ಸೆರಗು ಹಾಗೆಯೇ ನಿಂತಿದೆ. ಇಬ್ಬರು ನೇಕಾರ್ತಿಯರು ಬಂದು ಅದರ ಜರಿಯನ್ನು ಕೈಯಿಂದ ಸವರಿ, ಚಲೋ ಬಂದೈತೆಂದು ತಮ್ಮತಮ್ಮಲ್ಲೇ ಹೇಳಿಕೊಂಡು, ಡಬ್ಬಿಯ ಕಡೆ ಕಣ್ಣೂ ಎತ್ತದೆ ತಮ್ಮ ಮಗ್ಗಗಳಿಗೆ ಹೋಗುತ್ತಾರೆ.

"ನೋಡಿದ್ರಿಲ್ಲ?" ಎನ್ನುತ್ತಾರೆ ಜನ್ನತ. "ಹಿಂಗ ಇರಬೇಕ್ರಿ. ಸೀರಿ ನೋಡಿದವ್ರು ಸೆರಗ ನೋಡ್ಬೇಕು. ಡಬ್ಬಿ ನೆನಪಾಗಬಾರ್ದು."